ಬ್ರೇಕ್ ಹಾಕಿದ ಬಸ್ಸು 6 ಸೆಕೆಂಡಲ್ಲಿ ಎಷ್ಟು ದೂರ ಹೋಗುತ್ತೆ? ನನಗೆ 30 ಬರ್ತಿದೆ, ಪುಸ್ತಕದಲ್ಲಿ 40 ಅಂತಿದೆ

ಫಸ್ಟ್_ಪಿಯು_ಹುಡುಗ

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕ ಕೈಕೊಡ್ತಿದೆ. ಪ್ರಶ್ನೆ ಹೀಗಿದೆ: ಗಂಟೆಗೆ 72 ಕಿ.ಮೀ ವೇಗದಲ್ಲಿ ಹೋಗ್ತಿರೋ ಬಸ್ಸಿಗೆ ಬ್ರೇಕ್ ಹಾಕಿದಾಗ 5 ಮೀ/ಸೆ² ರಿಟಾರ್ಡೇಶನ್ (ವೇಗ ಇಳಿಯೋ ದರ) ಉಂಟಾಗುತ್ತೆ. ಬ್ರೇಕ್ ಹಾಕಿದ ಮೇಲೆ 6 ಸೆಕೆಂಡಲ್ಲಿ ಬಸ್ಸು ಎಷ್ಟು ದೂರ ಹೋಗುತ್ತೆ?

ನಾನು ಮಾಡಿದ್ದು:

ಯು (ಆರಂಭಿಕ ವೇಗ) = 72 × 5/18 = 20 ಮೀ/ಸೆ
ಎ (ವೇಗೋತ್ಕರ್ಷ, ಅಂದ್ರೆ ವೇಗ ಬದಲಾಗೋ ದರ) = −5 ಮೀ/ಸೆ², ಟಿ (ಕಾಲ) = 6 ಸೆ
ಎಸ್ (ದೂರ) = ಯುಟಿ + ½ಎಟಿ²
= 20×6 − ½×5×36
= 120 − 90 = 30 ಮೀ

ಹಿಂದಿನ ಪುಟದಲ್ಲಿ ಉತ್ತರ 40 ಮೀ ಅಂತ ಕೊಟ್ಟಿದಾರೆ. ಮೂರು ಸಲ ಮಾಡಿದೆ, 30 ಬಿಟ್ಟು ಬೇರೆ ಬರ್ತಾನೇ ಇಲ್ಲ. ಪ್ರಿಂಟ್ ಮಿಸ್ಟೇಕಾ?

ಕೋನಮಾಪಕ

40 ಸರಿ. ಬಸ್ಸು ನಿಲ್ಲೋಕೆ ಎಷ್ಟು ಸೆಕೆಂಡ್ ಬೇಕು ಅಂತ ಮೊದಲು ನೋಡಪ್ಪ.

ಸಿಇಟಿ_ಬ್ಯಾಚ್

ಪ್ರಿಂಟ್ ಮಿಸ್ಟೇಕ್ ಅಲ್ಲ. ಪರೀಕ್ಷೆಯಲ್ಲಿ ಬೇಕಂತಲೇ ಇಡೋ ಗುಂಡಿ ಇದು. ಆಪ್ಷನ್‌ಗಳಲ್ಲಿ 30 ಕೂಡ ಇದ್ದೇ ಇರುತ್ತೆ.

ಮಲೆನಾಡ್_ಮೇಷ್ಟ್ರು

ನಿನ್ನ ಗುಣಾಕಾರ, ಭಾಗಾಕಾರ ಎಲ್ಲಾ ಸರಿ ಇದೆ ಮರಿ. ಎಡವಿದ್ದು ಎಲ್ಲಿ ಅಂದ್ರೆ, 6 ಸೆಕೆಂಡ್ ಪೂರ್ತಿ ವೇಗೋತ್ಕರ್ಷ −5 ಇತ್ತು ಅಂತ ಹಿಡಿದುಕೊಂಡೆ. ಹಾಗಿರಲಿಲ್ಲ.

ಮೊದಲು ಬಸ್ಸು ಯಾವಾಗ ನಿಲ್ಲುತ್ತೆ ನೋಡು. ವಿ = ಯು + ಎಟಿ, ವಿ ಅಂದ್ರೆ ಟಿ ಸೆಕೆಂಡ್ ಆದಾಗಿನ ವೇಗ. ವಿ ಸೊನ್ನೆ ಆಗ್ಬೇಕು: 0 = 20 − 5ಟಿ, ಅಂದ್ರೆ ಟಿ = 4 ಸೆಕೆಂಡ್. ನಾಲ್ಕನೇ ಸೆಕೆಂಡಿಗೇ ಬಸ್ಸು ನಿಂತಾಯ್ತು. ಆ 4 ಸೆಕೆಂಡಲ್ಲಿ ಹೋದ ದೂರ 20×4 − ½×5×16 = 80 − 40 = 40 ಮೀ. ಉಳಿದ 2 ಸೆಕೆಂಡ್ ಬಸ್ಸು ಅಲ್ಲೇ ನಿಂತಿರುತ್ತೆ. ಹಾಗಾಗಿ 6 ಸೆಕೆಂಡಿಗೂ 40, 60 ಸೆಕೆಂಡಿಗೂ 40.

ಹಾಗಾದ್ರೆ ನಿನ್ನ 30 ಎಲ್ಲಿಂದ ಬಂತು? ಬಸ್ಸು ನಿಂತಿದ್ದು ಸೂತ್ರಕ್ಕೆ ಗೊತ್ತಿಲ್ಲ. ನೀನು ಎ = −5, ಟಿ = 6 ಅಂತ ಕೊಟ್ಟೆ, ಅದು 6 ಸೆಕೆಂಡ್ ಪೂರ್ತಿ ಹಿಂದಕ್ಕೆ ಎಳೀತಾನೇ ಹೋಯ್ತು. 4 ಸೆಕೆಂಡಿಗೆ 40 ಮೀಟರ್ ಮುಂದೆ ಹೋಗಿ ನಿಂತ ಬಸ್ಸು ಆಮೇಲೆ ರಿವರ್ಸ್ ಹೊರಟಿತು ಅಂತ ಲೆಕ್ಕ. ಆ 2 ಸೆಕೆಂಡಲ್ಲಿ ಹಿಂದೆ ಬಂದಿದ್ದು ½×5×4 = 10 ಮೀ. 40 − 10 = 30. ವಿ ಎಷ್ಟು ಬರುತ್ತೆ ಅಂತಲೂ ನೋಡು: 20 − 30 = −10 ಮೀ/ಸೆ. ಬ್ರೇಕ್ ಒತ್ತಿದ್ದಕ್ಕೆ ಬಸ್ಸು ಗಂಟೆಗೆ 36 ಕಿ.ಮೀ ವೇಗದಲ್ಲಿ ಹಿಂದಕ್ಕೆ ಓಡಬೇಕು! ಆ ಋಣ ಚಿಹ್ನೆ ಕಂಡ ತಕ್ಷಣ ಪೆನ್ನು ಕೆಳಗಿಡಬೇಕು.

ಫಸ್ಟ್_ಪಿಯು_ಹುಡುಗ

ಓಹ್! ನಾನು ವಿ ಲೆಕ್ಕ ಹಾಕಲೇ ಇಲ್ಲ ಸರ್, ಕೇಳಿರಲಿಲ್ಲ ಅಂತ. ಆದ್ರೆ ಇನ್ನೊಂದು ಅನುಮಾನ. ಚೆಂಡನ್ನ ಮೇಲಕ್ಕೆ ಎಸೆಯೋ ಲೆಕ್ಕದಲ್ಲೂ ಹೀಗೇ ತಾನೆ? 20 ಮೀ/ಸೆ ವೇಗದಲ್ಲಿ ಎಸೆದ್ರೆ, ಜಿ (ಗುರುತ್ವದ ವೇಗೋತ್ಕರ್ಷ) 10 ಅಂತಿಟ್ಟುಕೊಂಡ್ರೆ, 2 ಸೆಕೆಂಡಿಗೆ ತುದಿ ತಲುಪಿ ನಿಲ್ಲುತ್ತೆ. 3 ಸೆಕೆಂಡ್ ಕೇಳಿದ್ರೆ ಅಲ್ಲಿ ಮಾತ್ರ ನೇರವಾಗಿ ಟಿ = 3 ಹಾಕ್ತಾರೆ. ಅಲ್ಲಿ ಯಾಕೆ ತಪ್ಪಾಗಲ್ಲ?

ಕೋನಮಾಪಕ

ಬಸ್ಸು ನಿಂತ ಮೇಲೆ ಬ್ರೇಕು ಎಳೆಯಲ್ಲ. ಚೆಂಡು ನಿಂತ ಮೇಲೂ ಭೂಮಿ ಎಳೆಯುತ್ತೆ.

ಮಲೆನಾಡ್_ಮೇಷ್ಟ್ರು

ಕೋನಮಾಪಕ ಒಂದೇ ಸಾಲಲ್ಲಿ ಮುಗಿಸಿದ್ರು. ಸ್ವಲ್ಪ ಬಿಡಿಸಿ ಹೇಳ್ತೀನಿ. ಬ್ರೇಕಿನ ಘರ್ಷಣೆ ಚಲನೆಗೆ ಎದುರಾಗಿ ಕೆಲಸ ಮಾಡೋ ಬಲ. ಬಸ್ಸು ಮುಂದೆ ಹೋಗ್ತಿದ್ರೆ ಅದು ಹಿಂದಕ್ಕೆ ಎಳೆಯುತ್ತೆ. ಸಮತಟ್ಟು ರಸ್ತೆಯಲ್ಲಿ ಬಸ್ಸು ನಿಂತ ಕ್ಷಣ ಎದುರಿಸೋಕೆ ಚಲನೆಯೇ ಇಲ್ಲ, ಬಲ ಸೊನ್ನೆ, ಎ ಸೊನ್ನೆ. ಗುರುತ್ವ ಹಾಗಲ್ಲ. ಚೆಂಡು ಏರುವಾಗ, ತುದಿಯಲ್ಲಿ ಅರೆಕ್ಷಣ ನಿಂತಾಗ, ಇಳಿಯುವಾಗ, ಮೂರೂ ಹೊತ್ತು ಎ = −10. ಬದಲಾಗೋದೇ ಇಲ್ಲ. ಹಾಗಾಗಿ ಒಂದೇ ಸೂತ್ರ ಪೂರ್ತಿ ಹಾರಾಟಕ್ಕೆ ನಡೆಯುತ್ತೆ. ಟಿ = 3 ಹಾಕಿದ್ರೆ ಎಸ್ = 60 − 45 = 15 ಮೀ, ವಿ = 20 − 30 = −10. ಇಲ್ಲಿ ಋಣ ಬಂದಿದ್ದು ನಿಜವಾದ ಸಂಗತಿ, ಚೆಂಡು ಕೆಳಗೆ ಬರ್ತಿದೆ ಅಂತ.

ಆದ್ರೆ ಎಚ್ಚರ, ಈ 15 ಸ್ಥಾನಪಲ್ಲಟ, ಅಂದ್ರೆ ಹೊರಟ ಜಾಗದಿಂದ ಈಗಿರೋ ಜಾಗಕ್ಕೆ ನೇರ ಅಂತರ. ಪ್ರಶ್ನೆಯಲ್ಲಿ "ಕ್ರಮಿಸಿದ ದೂರ" ಅಂತ ಕೇಳಿದ್ರೆ 20 ಮೀ ಮೇಲೆ + 5 ಮೀ ಕೆಳಗೆ = 25 ಮೀ.

ಸಿಇಟಿ_ಬ್ಯಾಚ್

ಶಾರ್ಟ್‌ಕಟ್ ಬರ್ಕೊಳ್ಳಿ. ರಿಟಾರ್ಡೇಶನ್ ಕಂಡ್ರೆ ಮೊದಲು ಯು/ಎ ಮಾಡಿ. ಕೊಟ್ಟಿರೋ ಟಿ ಅದಕ್ಕಿಂತ ದೊಡ್ಡದಿದ್ರೆ ಉತ್ತರ ನೇರವಾಗಿ ಯು²/2ಎ. ಇಲ್ಲಿ 400/10 = 40. ಹತ್ತು ಸೆಕೆಂಡ್ ಕೆಲಸ.

ಗಣಿತ_ಗಿರಣಿ

@ಸಿಇಟಿ_ಬ್ಯಾಚ್ ಈ ಶಾರ್ಟ್‌ಕಟ್ಟನ್ನೇ ಚೆಂಡಿಗೆ ಹಾಕಿದ್ರೆ ಹಳ್ಳಕ್ಕೆ ಬೀಳ್ತಾರೆ. ಇಳಿಜಾರಿನಲ್ಲಿ ಮೇಲಕ್ಕೆ ತಳ್ಳಿದ ಗಾಡಿಗೂ ನಡೆಯಲ್ಲ, ಅದು ನಿಂತು ವಾಪಸ್ ಉರುಳುತ್ತೆ. ನಿಂತ ಮೇಲೆ ಬಲ ಉಳಿಯುತ್ತಾ ಇಲ್ವಾ ಅಂತ ಕೇಳಿಕೊಳ್ಳದೆ ಯು²/2ಎ ಹಾಕೋದು ಅಪಾಯ.

ಸಿಇಟಿ_ಬ್ಯಾಚ್

ಬ್ರೇಕ್ ಲೆಕ್ಕಕ್ಕೆ ಅಂತ ತಾನೆ ಹೇಳಿದ್ದು.

ಗಣಿತ_ಗಿರಣಿ

"ರಿಟಾರ್ಡೇಶನ್ ಕಂಡ್ರೆ" ಅಂತ ಬರೆದಿದೀರಿ. ಹುಡುಗರು ಅದನ್ನೇ ಬರ್ಕೊಳ್ತಾರೆ.

ಗ್ರಾಫ್_ಶೀಟ್

ಇಷ್ಟೆಲ್ಲಾ ಗೊಂದಲ ವೇಗ-ಕಾಲ ನಕ್ಷೆ ಎಳೆದ್ರೆ ಒಂದೇ ನೋಟಕ್ಕೆ ಬಗೆಹರಿಯುತ್ತೆ. ಅಡ್ಡಕ್ಕೆ ಕಾಲ, ನಿಲುವಿಗೆ ವೇಗ. ಮೇಲೆ 20ರಲ್ಲಿ ಶುರು ಮಾಡಿ, 4ನೇ ಸೆಕೆಂಡಿಗೆ ಅಡ್ಡಗೆರೆ ಮುಟ್ಟೋ ಹಾಗೆ ನೇರ ಗೆರೆ ಎಳೀರಿ. ಗೆರೆಯ ಕೆಳಗಿನ ತ್ರಿಕೋನದ ವಿಸ್ತೀರ್ಣವೇ ದೂರ: ½ × 4 × 20 = 40. ನಿಜವಾದ ಬಸ್ಸಿನ ನಕ್ಷೆ 4ರಿಂದ ಮುಂದೆ ಅಡ್ಡಗೆರೆಯ ಮೇಲೇ ಮಲಗುತ್ತೆ.

ಈಗ ಸೂತ್ರದ ಬಸ್ಸನ್ನ ನೋಡಿ. ಅದೇ ಗೆರೆಯನ್ನ ನಿಲ್ಲಿಸದೆ 6ರ ತನಕ ಎಳೆದ್ರೆ ಅಡ್ಡಗೆರೆ ದಾಟಿ ಕೆಳಗಿಳಿದು −10 ತಲುಪುತ್ತೆ. ಕೆಳಗೊಂದು ಪುಟ್ಟ ತ್ರಿಕೋನ: ½ × 2 × 10 = 10. ಮೇಲಿನ 40ರಲ್ಲಿ ಕೆಳಗಿನ 10 ಕಳೆದ್ರೆ ನಿಮ್ಮ 30. ಆ ಪುಟ್ಟ ತ್ರಿಕೋನವನ್ನ ಪೆನ್ಸಿಲ್ಲಲ್ಲಿ ಗೀಚಿ ಕಪ್ಪು ಮಾಡಿ ನೋಡಿ, ಈ ತಪ್ಪು ಜನ್ಮದಲ್ಲಿ ಮತ್ತೆ ಆಗಲ್ಲ.

ಇನ್ನೊಂದು ಮಾತು. ಪ್ರಾಕ್ಟಿಕಲ್‌ನಲ್ಲಿ ನಕ್ಷೆಯಿಂದ ಎ ಕಂಡುಹಿಡಿಯುವಾಗ ಗೆರೆಯ ಮೇಲೆ ದೂರ ದೂರದ ಎರಡು ಬಿಂದು ತಗೊಳ್ಳಿ. ಅಳತೆಯ ಚುಕ್ಕಿಗಳನ್ನೇ ತಗೋಬೇಡಿ, ಎಳೆದ ಗೆರೆಯ ಮೇಲಿನ ಬಿಂದು ತಗೊಳ್ಳಿ. ಹತ್ತಿರದ ಎರಡು ಬಿಂದು ಹಿಡಿದ್ರೆ ಅರ್ಧ ಮಿಲಿಮೀಟರ್ ಓದಿದ ತಪ್ಪೇ ಉತ್ತರವನ್ನ ಕೆಡಿಸುತ್ತೆ.

ಧಾರವಾಡ_ಪೇಡೆ

ಎಲ್ಲಾ ಚಲೋ ಐತ್ರಿ. ಆದ್ರ ನನಗೊಂದು ಗೊತ್ತಾಗವಲ್ದು. ಎ ಋಣ ಇತ್ತಂದ್ರ ವೇಗ ಕಡಿಮಿ ಆಗತೈತಿ ಅಂತ ಸಾಲ್ಯಾಗ ಹೇಳ್ತಾರಲ್ರಿ. ಚೆಂಡು ಕೆಳಗ ಬರೂ ಮುಂದ ಎ −10 ಅಂತೀರಿ, ಆದ್ರ ವೇಗ ಹೆಚ್ಚಾಕ್ಕೋತ ಹೊಂಟೈತಿ. ಇದು ಹೆಂಗ?

ಸಿಇಟಿ_ಬ್ಯಾಚ್

ಋಣ ವೇಗೋತ್ಕರ್ಷ ಅಂದ್ರೆ ಡಿಸೆಲರೇಶನ್, ಎರಡೂ ಒಂದೇ. ಕೆಳಗೆ ಬರುವಾಗ ಕೆಳದಿಕ್ಕನ್ನ ಧನ ಅಂತ ತಗೋಬೇಕು, ಆಗ ಸರಿಹೋಗುತ್ತೆ.

ಮಲೆನಾಡ್_ಮೇಷ್ಟ್ರು

ಇಲ್ಲ, ಎರಡೂ ಒಂದೇ ಅಲ್ಲ. ಇದನ್ನ ಇಲ್ಲೇ ತಿದ್ದಿಕೊಳ್ಳಲೇಬೇಕು. ಚಿಹ್ನೆ ಹೇಳೋದು ದಿಕ್ಕನ್ನ ಮಾತ್ರ. ವೇಗ ಏರ್ತಿದೆಯಾ ಇಳೀತಿದೆಯಾ ಅಂತ ತಿಳೀಬೇಕಾದ್ರೆ ವಿ ಮತ್ತು ಎ ಎರಡರ ಚಿಹ್ನೆ ಜೊತೆಗಿಟ್ಟು ನೋಡಬೇಕು. ಎರಡೂ ಒಂದೇ ಚಿಹ್ನೆ ಇದ್ರೆ ಜವ (ಸ್ಪೀಡು) ಏರುತ್ತೆ, ಬೇರೆ ಬೇರೆ ಇದ್ರೆ ಇಳಿಯುತ್ತೆ. ಚೆಂಡು ಏರುವಾಗ ವಿ ಧನ, ಎ ಋಣ: ನಿಧಾನವಾಗುತ್ತೆ. ಇಳಿಯುವಾಗ ವಿ ಋಣ, ಎ ಋಣ: ಜೋರಾಗುತ್ತೆ. ಋಣ ಎ ಇದ್ದೂ ಜವ ಏರ್ತು ನೋಡಿ, ಪೇಡೆಯವರು ಕೇಳಿದ್ದು ಇದನ್ನೇ.

ನಡುವೆ ದಿಕ್ಕು ಬದಲಿಸೋದು ಮಾತ್ರ ಬೇಡವೇ ಬೇಡ. ಮೇಲೆ ಹೋಗೋವಾಗ ಒಂದು, ಕೆಳಗೆ ಬರೋವಾಗ ಇನ್ನೊಂದು ಅಂತ ಮಾಡಿದ್ರೆ ಒಂದೇ ಚಲನೆಯನ್ನ ಎರಡು ತುಂಡು ಮಾಡಿ ಹೊಲಿಯಬೇಕಾಗುತ್ತೆ, ಹೊಲಿಗೆ ಬಿಟ್ಟುಹೋಗೋದೇ ಅಲ್ಲಿ.

ಧಾರವಾಡ_ಪೇಡೆ

ಈಗ ತಲಿಗೆ ಹತ್ತಿತ್ ನೋಡ್ರಿ ಸರ.

ಗಣಿತ_ಗಿರಣಿ

ಮೇಷ್ಟ್ರ ಮಾತಿಗೆ ಒಂದು ಉದಾಹರಣೆ. 25 ಮೀ ಎತ್ತರದ ಕಟ್ಟಡದ ತುದಿಯಿಂದ ಕಲ್ಲನ್ನ 20 ಮೀ/ಸೆ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಎಸೀತಾರೆ. ನೆಲಕ್ಕೆ ಬೀಳೋಕೆ ಎಷ್ಟು ಹೊತ್ತು? ಜಿ = 10.

ಮೇಲೆ ಧನ. ಯು = +20, ಎ = −10. ಎಸ್ ಎಷ್ಟು? ಎಸೆದ ಜಾಗದಿಂದ ನೆಲ 25 ಮೀ ಕೆಳಗಿದೆ, ಹಾಗಾಗಿ −25.

−25 = 20ಟಿ − 5ಟಿ²
ಟಿ² − 4ಟಿ − 5 = 0
(ಟಿ − 5)(ಟಿ + 1) = 0

ಟಿ = 5 ಸೆಕೆಂಡ್. ಬೀಳೋವಾಗ ವಿ = 20 − 50 = −30 ಮೀ/ಸೆ. ಮೇಲೆ ಹೋಗಿದ್ದು ಒಂದು, ಬಂದಿದ್ದು ಒಂದು ಅಂತ ಪಾಲು ಮಾಡೋ ಕೆಲಸವೇ ಇಲ್ಲ.

ಬಹಳ ಜನ ಎಸ್ = +25 ಹಾಕ್ತಾರೆ. ಆಗ ಟಿ² − 4ಟಿ + 5 = 0 ಆಗಿ, ವರ್ಗಮೂಲದೊಳಗೆ 16 − 20 = −4 ಬರುತ್ತೆ. "ಲೆಕ್ಕವೇ ತಪ್ಪು" ಅಂತ ಪುಸ್ತಕ ಮುಚ್ಚಿಬಿಡ್ತಾರೆ. ಆದ್ರೆ ಗಣಿತ ಅಲ್ಲೂ ಸತ್ಯವನ್ನೇ ಹೇಳ್ತಿದೆ. +25 ಅಂದ್ರೆ ಎಸೆದ ಜಾಗದಿಂದ 25 ಮೀ ಮೇಲೆ. ಈ ಕಲ್ಲು ಏರೋದೇ 400/20 = 20 ಮೀ. ಅಲ್ಲಿಗೆ ಅದು ಯಾವತ್ತೂ ತಲುಪಲ್ಲ, ಅದಕ್ಕೇ ಉತ್ತರ ಇಲ್ಲ.

ಫಸ್ಟ್_ಪಿಯು_ಹುಡುಗ

ಸೂಪರ್ ಸರ್! ಆದ್ರೆ ಟಿ = −1 ಅಂತ ಇನ್ನೊಂದು ಉತ್ತರ ಬಂತಲ್ಲ, ಅದನ್ನ ಸುಮ್ನೆ ಹೊಡೆದುಹಾಕೋದಾ?

ಗಣಿತ_ಗಿರಣಿ

ಪರೀಕ್ಷೆಯಲ್ಲಿ ಹೊಡೆದುಹಾಕು, ಮನಸ್ಸಲ್ಲಿ ಇಟ್ಟುಕೋ. ಕಲ್ಲು ತುದಿಯಿಂದ ಹೊರಟಿತ್ತೋ, ನೆಲದಿಂದ ಎಸೆದು ತುದಿಯನ್ನ ದಾಟಿ ಹೋಗ್ತಿತ್ತೋ ಅನ್ನೋದು ಸಮೀಕರಣಕ್ಕೆ ಗೊತ್ತಿಲ್ಲ. ಟಿ = −1ರಲ್ಲಿ ವಿ = 20 + 10 = 30. ಅಂದ್ರೆ 1 ಸೆಕೆಂಡ್ ಮುಂಚೆ ನೆಲದಿಂದ 30 ಮೀ/ಸೆ ವೇಗದಲ್ಲಿ ಎಸೆದಿದ್ರೆ, ಟಿ = 0 ಹೊತ್ತಿಗೆ ಕಟ್ಟಡದ ತುದಿಯಲ್ಲಿ ಸರಿಯಾಗಿ 20 ಮೀ/ಸೆ ಇರ್ತಿತ್ತು. ಬೀಳೋವಾಗಲೂ 30, ಏರೋವಾಗಲೂ 30. ಎರಡು ಉತ್ತರ ಒಂದಕ್ಕೊಂದು ಸಾಕ್ಷಿ.

ತುಂಗಾ_ತೀರ

ವಿಷಯಾಂತರಕ್ಕೆ ಕ್ಷಮಿಸಿ. ಕಾರಿನ ಜಾಹೀರಾತಲ್ಲಿ "10 ಸೆಕೆಂಡಲ್ಲಿ 0ಯಿಂದ 100" ಅಂತಾರಲ್ಲ, ಅದರ ವೇಗೋತ್ಕರ್ಷ 10 ಮೀ/ಸೆ² ಅಂತ ತಗೊಂಡ್ರೆ ಗುರುತ್ವಕ್ಕಿಂತ ಜಾಸ್ತಿ ಆಯ್ತಲ್ಲ?

ಕೋನಮಾಪಕ

100 ಕಿ.ಮೀ/ಗಂ ಅದು, ಮೀ/ಸೆ ಅಲ್ಲ ಅಕ್ಕ. 100 × 5/18 = 27.8. ಅದನ್ನ 10ರಿಂದ ಭಾಗಿಸಿ: 2.78 ಮೀ/ಸೆ². ಅದೂ ಸರಾಸರಿ. ಮೊದಲ ಗೇರಲ್ಲಿ ಜಾಸ್ತಿ, ಮೇಲಿನ ಗೇರಲ್ಲಿ ಕಡಿಮೆ.

ಗ್ರಾಫ್_ಶೀಟ್

5/18 ಬಾಯಿಪಾಠ ಮಾಡೋರು ಅದೆಲ್ಲಿಂದ ಬಂತು ಅಂತಲೂ ಗೊತ್ತಿಟ್ಟುಕೊಳ್ಳಿ: 1000 ಮೀಟರ್, 3600 ಸೆಕೆಂಡ್. 1000/3600 = 5/18. ಗೊತ್ತಿಲ್ಲದೋರು 18/5 ತಿರುಗಿಸಿ ಹಾಕಿ 72ನ್ನ 259 ಮಾಡ್ಕೊಳ್ತಾರೆ. ವಿ² − ಯು² = 2ಎಎಸ್‌ನಲ್ಲಿ ಕಿ.ಮೀ/ಗಂ ಅನ್ನೇ ವರ್ಗ ಮಾಡಿ ಕೊನೆಗೆ 5/18ರಿಂದ ಒಂದೇ ಸಲ ಗುಣಿಸೋದು ಇನ್ನೊಂದು ಮಾಮೂಲಿ ತಪ್ಪು. ವರ್ಗ ಮಾಡಿದ್ಮೇಲೆ 5/18 ಕೂಡ ವರ್ಗ ಆಗ್ಬೇಕು. ಅದರ ಬದಲು ಮೊದಲ ಸಾಲಲ್ಲೇ ಎಲ್ಲಾ ಮೀ/ಸೆ ಮಾಡಿಟ್ಟುಕೊಂಡ್ರೆ ಸುಖ.

ಡಿಪೋ_ಪಾನಾ

ಬಸ್ಸಿನ ಲೆಕ್ಕ ಅಂತ ಓದ್ತಾ ಬಂದೆ. 5 ಮೀ/ಸೆ² ಅಂದ್ರೆ ಬಸ್ಸಿಗೆ ಬಹಳ ಗಟ್ಟಿ ಬ್ರೇಕ್, ಅರ್ಧ ಜಿ. ನಿಂತಿರೋ ಪ್ಯಾಸೆಂಜರ್ ಎಲ್ಲಾ ಮುಂದಿನ ಗಾಜಿನ ಹತ್ರ ಬಂದು ಬೀಳ್ತಾರೆ. ಸ್ಟಾಪಲ್ಲಿ ನಿಲ್ಲಿಸೋ ಮಾಮೂಲಿ ಬ್ರೇಕ್ 1ರಿಂದ 1.5 ಮೀ/ಸೆ² ಇರುತ್ತೆ.

ಇನ್ನೊಂದು, ಪೆಡಲ್ ಮೇಲೆ ಕಾಲಿಟ್ಟ ಕ್ಷಣಕ್ಕೇ 5 ಬರಲ್ಲ. ಏರ್ ಬ್ರೇಕಲ್ಲಿ ಗಾಳಿ ಪೈಪಿನಲ್ಲಿ ಹೋಗಿ ಹಿಂದಿನ ಚಕ್ರದ ಬ್ರೇಕ್ ಚೇಂಬರಲ್ಲಿ ಒತ್ತಡ ಏರಬೇಕು, ಆಮೇಲೆ ಲೈನಿಂಗ್ ಹೋಗಿ ಡ್ರಮ್ಮಿಗೆ ಒತ್ತಬೇಕು. ಅರ್ಧ ಸೆಕೆಂಡ್ ಅಂದ್ರೂ ಗಂಟೆಗೆ 72ರಲ್ಲಿ 10 ಮೀಟರ್ ಹೋಗಿರುತ್ತೆ. ಅದಕ್ಕೂ ಮುಂಚೆ ಡ್ರೈವರ್ ಕಣ್ಣಿಗೆ ಬಿದ್ದು ಕಾಲು ಪೆಡಲ್ಲಿಗೆ ಬರೋಕೆ 1 ಸೆಕೆಂಡ್ ಹಿಡೀರಿ, ಅಲ್ಲೊಂದು 20 ಮೀಟರ್. ಪುಸ್ತಕದ 40 ರಸ್ತೆಯಲ್ಲಿ 70 ಆಗುತ್ತೆ.

ನಿಲ್ಲೋ ಹೊತ್ತಲ್ಲಿ ತಲೆ ಹಿಂದಕ್ಕೆ ಜೋಲಿ ಹೊಡೆಯುತ್ತಲ್ಲ, ಅದು ಮೇಲೆ ಮೇಷ್ಟ್ರು ಹೇಳಿದ್ದಕ್ಕೆ ಪುರಾವೆ. ಬ್ರೇಕ್ ಹಿಡಿದಿರೋ ತನಕ ಮೈ ಮುಂದೆ ವಾಲದ ಹಾಗೆ ಕಾಲು, ಬೆನ್ನು ಬಿಗಿ ಹಿಡಿದಿರ್ತೀವಿ. ಬಸ್ಸು ನಿಂತ ಕ್ಷಣ −5 ಇದ್ದದ್ದು ಏಕ್ದಂ ಸೊನ್ನೆ ಆಗುತ್ತೆ, ಬಿಗಿ ಹಿಡಿದ ಮೈ ಹಿಂದಕ್ಕೆ ಹೋಗುತ್ತೆ. ಒಳ್ಳೆ ಡ್ರೈವರ್ ಕೊನೆಯ ಒಂದೆರಡು ಮೀಟರಲ್ಲಿ ಪೆಡಲ್ ಸ್ವಲ್ಪ ಸಡಿಲ ಬಿಡ್ತಾನೆ, ಎ ನಿಧಾನಕ್ಕೆ ಸೊನ್ನೆಗೆ ಬರುತ್ತೆ, ಜೋಲಿ ಇರಲ್ಲ.

ಫಸ್ಟ್_ಪಿಯು_ಹುಡುಗ

ವಾವ್, ಆ ಜೋಲಿ ಯಾಕೆ ಅಂತ ಇವತ್ತು ಗೊತ್ತಾಯ್ತು ಅಣ್ಣ.

ತುಂಗಾ_ತೀರ

ಬಸ್ಸು ತುಂಬಿದ್ರೆ ನಿಲ್ಲೋಕೆ ಜಾಸ್ತಿ ದೂರ ಬೇಕು ಅಲ್ವಾ? ಸೂತ್ರದಲ್ಲಿ ಭಾರವೇ ಇಲ್ವಲ್ಲ.

ಸಿಇಟಿ_ಬ್ಯಾಚ್

ಬೇಡ. ಘರ್ಷಣೆ = ಮ್ಯೂ × ಎಂಜಿ (ಮ್ಯೂ ಘರ್ಷಣೆಯ ಗುಣಾಂಕ, ಎಂ ರಾಶಿ), ಅದನ್ನ ಎಂ ಇಂದ ಭಾಗಿಸಿದ್ರೆ ಎ = ಮ್ಯೂ × ಜಿ. ರಾಶಿ ಹೊಡೆದುಹೋಗುತ್ತೆ. ಖಾಲಿ ಬಸ್ಸು, ತುಂಬಿದ ಬಸ್ಸು ಎರಡೂ ಒಂದೇ ದೂರದಲ್ಲಿ ನಿಲ್ಲುತ್ವೆ.

ಡಿಪೋ_ಪಾನಾ

ತಮ್ಮಾ, ಅದು ಚಕ್ರ ಲಾಕ್ ಆಗೋ ಅಷ್ಟು ಬ್ರೇಕ್ ಬಲ ಇದ್ದಾಗಿನ ಮಾತು. ತುಂಬಿದ ಗಾಡಿಯಲ್ಲಿ ಮಿತಿ ಹಾಕೋದು ಟೈರಲ್ಲ, ಬ್ರೇಕು. ಡ್ರಮ್ ಕೊಡಬಲ್ಲ ಬಲ ಇಷ್ಟೇ ಅಂತಿರುತ್ತೆ. ಬಲ ಅಷ್ಟೇ, ಭಾರ ಹೆಚ್ಚು, ಅಂದ್ಮೇಲೆ ಎ ಕಡಿಮೆ. ಘಾಟಿ ಇಳಿಯುವಾಗ ಡ್ರಮ್ ಕಾದುಬಿಟ್ರೆ ಲೈನಿಂಗ್ ಹಿಡಿಯೋದೇ ಕಡಿಮೆ ಆಗುತ್ತೆ, ಆಗ ಇನ್ನೂ ಕೆಟ್ಟದು. ಅದಕ್ಕೇ ಇಳಿಜಾರಲ್ಲಿ ಕೆಳಗಿನ ಗೇರ್ ಹಾಕಿ ಇಂಜಿನ್ ಹಿಡಿತದಲ್ಲಿ ಇಳಿಸೋದು.

ಮಲೆನಾಡ್_ಮೇಷ್ಟ್ರು

ಇಬ್ಬರದೂ ಸರಿ, ಬೇರೆ ಬೇರೆ ಸಂದರ್ಭಕ್ಕೆ. ಟೈರು ಜಾರೋ ಹಂತದಲ್ಲಿ ಸಿಇಟಿಯವರ ಲೆಕ್ಕ. ಒಣ ಡಾಂಬರಿಗೆ ಮ್ಯೂ ಸುಮಾರು 0.7 ಅಂತ ತಗೊಂಡ್ರೆ ಎ ಸುಮಾರು 7. ಮಳೆಯಲ್ಲಿ 0.4ಕ್ಕೆ ಇಳಿದ್ರೆ ಎ ಸುಮಾರು 4, ನಿಲ್ಲೋ ದೂರ ಒಂದೂ ಮುಕ್ಕಾಲು ಪಟ್ಟು. ಬ್ರೇಕೇ ಮಿತಿ ಆದಾಗ ಪಾನಾ ಅವರ ಲೆಕ್ಕ. ನೆನಪಿಡಬೇಕಾದ್ದು ಯು² ಅನ್ನೋದನ್ನ: ಎ = 5 ಇದ್ರೆ ಗಂಟೆಗೆ 36 ಕಿ.ಮೀಗೆ 10 ಮೀ, 72ಕ್ಕೆ 40 ಮೀ, 108ಕ್ಕೆ 90 ಮೀ. ಬರೀ ಬ್ರೇಕ್ ದೂರ ಇದು, ಯೋಚನೆಯ ದೂರ ಸೇರಿಲ್ಲ.

ಲ್ಯಾಬ್_ಕೋಟು

ಲೆಕ್ಕ ಸಾಕು, ಅಳತೆ ಮಾಡೋಣ. ಮೊಬೈಲಲ್ಲಿ ಸ್ಲೋ ಮೋಷನ್ ಇದ್ರೆ ಮನೆಯಲ್ಲೇ ಜಿ ಕಂಡುಹಿಡೀಬಹುದು. ಗೋಡೆಗೆ ಟೇಲರ್ ಟೇಪ್ ನೆಟ್ಟಗೆ ಅಂಟಿಸಿ. ಪಕ್ಕದಲ್ಲಿ ಸ್ಟೀಲ್ ಬೇರಿಂಗ್ ಗುಂಡು ಬಿಡಿ. ಮೊಬೈಲು ಕನಿಷ್ಠ 2 ಮೀಟರ್ ದೂರದಲ್ಲಿ, ಟೇಪಿನ ನಡುಮಟ್ಟಕ್ಕೆ, ಯಾವುದಕ್ಕಾದ್ರೂ ಒರಗಿಸಿ ಇಡಿ. ಕೈಯಲ್ಲಿ ಹಿಡೀಬೇಡಿ. ಸೆಕೆಂಡಿಗೆ 240 ಫ್ರೇಮ್ ಆಯ್ಕೆ ಮಾಡಿ. ಅಷ್ಟು ಫ್ರೇಮಿಗೆ ಟ್ಯೂಬ್‌ಲೈಟ್ ಬೆಳಕು ಸಾಲಲ್ಲ, ಮಿನುಗು ಬೇರೆ. ಹಗಲು ಬೆಳಕಲ್ಲಿ ಮಾಡಿ.

ಆಮೇಲೆ 24 ಫ್ರೇಮಿಗೊಂದು ಸಲ, ಅಂದ್ರೆ 0.1 ಸೆಕೆಂಡಿಗೊಮ್ಮೆ, ಗುಂಡು ಎಲ್ಲಿದೆ ಅಂತ ಬರ್ಕೊಳ್ಳಿ. ಬರಬೇಕಾದ ಅಂಕಿ ಸೆಂಟಿಮೀಟರಲ್ಲಿ:

0, 4.9, 19.6, 44.1, 78.4

ಒಂದರಿಂದ ಒಂದು ಕಳೀರಿ: 4.9, 14.7, 24.5, 34.3. ಇವು 1, 3, 5, 7ರ ಅನುಪಾತ. ಗೆಲಿಲಿಯೋ ಇಳಿಜಾರಿನ ಮೇಲೆ ಗುಂಡು ಉರುಳಿಸಿ ಕಂಡುಕೊಂಡದ್ದು ಇದೇ ಬೆಸ ಸಂಖ್ಯೆಗಳ ಸಾಲು. ಇವುಗಳನ್ನೇ ಮತ್ತೆ ಒಂದರಿಂದ ಒಂದು ಕಳೀರಿ: 9.8, 9.8, 9.8. ಅದನ್ನ 0.1ರ ವರ್ಗದಿಂದ ಭಾಗಿಸಿದ್ರೆ 980 ಸೆಂ.ಮೀ/ಸೆ².

ಈ ಎರಡು ಸಲ ಕಳೆಯೋ ವಿಧಾನದ ದೊಡ್ಡ ಅನುಕೂಲ ಏನಂದ್ರೆ, ಗುಂಡು ಯಾವ ಕ್ಷಣ ಕೈಬಿಟ್ಟಿತು ಅಂತ ಸರಿಯಾಗಿ ಗೊತ್ತಿರಬೇಕಿಲ್ಲ. ಆ ಕ್ಷಣವೇ ವಿಡಿಯೋದಲ್ಲಿ ಕಾಣಲ್ಲ, ಮೊದಲ ನಾಲ್ಕೈದು ಫ್ರೇಮಲ್ಲಿ ಗುಂಡು ಅಲ್ಲಾಡಿದ ಹಾಗೇ ಇರಲ್ಲ. ಆರಂಭಿಕ ವೇಗ ಎಷ್ಟೇ ಇದ್ರೂ ಎರಡನೇ ಸಲ ಕಳೆದಾಗ ಅದು ಮಾಯ.

ಕೋನಮಾಪಕ

ಒಂದು ಮೀಟರ್ ಬೀಳೋಕೆ 0.45 ಸೆಕೆಂಡ್, 108 ಫ್ರೇಮ್. ಒಂದು ಫ್ರೇಮ್ ತಪ್ಪಾಗಿ ಎಣಿಸಿದ್ರೂ ಜಿಯಲ್ಲಿ ಹತ್ತಿರ ಶೇ 2 ವ್ಯತ್ಯಾಸ. ಟಿ ವರ್ಗದಲ್ಲಿರೋದ್ರಿಂದ ತಪ್ಪು ದುಪ್ಪಟ್ಟು.

ಗ್ರಾಫ್_ಶೀಟ್

ಸೇರಿಸ್ತೀನಿ: ಗುಂಡು ಗೋಡೆಗಿಂತ ಮುಂದೆ ಬೀಳ್ತಿದ್ರೆ ಟೇಪಿನ ಮೇಲೆ ಓದೋ ಅಂಕಿ ದೊಡ್ಡದಾಗಿ ಬರುತ್ತೆ. ಮೊಬೈಲು 2 ಮೀಟರಲ್ಲಿದ್ದು ಗುಂಡು ಗೋಡೆಯಿಂದ 10 ಸೆಂ.ಮೀ ಮುಂದಿದ್ರೆ ಶೇ 5 ಹೆಚ್ಚು. ಜಿ 10.3 ಬಂದ್ರೆ ಮೊದಲು ಇದನ್ನ ನೋಡಿ. ಗೋಡೆಗೆ ಆದಷ್ಟು ಹತ್ತಿರ ಬಿಡಿ. ಎಡಿಟ್ ಮಾಡೋ ಆ್ಯಪ್ ವಿಡಿಯೋವನ್ನ 30 ಫ್ರೇಮಿಗೆ ಇಳಿಸಿಬಿಟ್ಟಿದ್ರೆ ಎಣಿಕೆಯೇ ಸುಳ್ಳಾಗುತ್ತೆ, ಮೂಲ ಫೈಲನ್ನೇ ಬಳಸಿ.

ಫಸ್ಟ್_ಪಿಯು_ಹುಡುಗ

ಸ್ಲೋ ಮೋಷನ್ ಇಲ್ಲದ ಮೊಬೈಲ್ ಇದ್ರೆ?

ಲ್ಯಾಬ್_ಕೋಟು

ಇಳಿಜಾರು ಮಾಡು. ವೈರಿಂಗ್‌ಗೆ ಹಾಕೋ ಪಿವಿಸಿ ಕೇಸಿಂಗ್ ಪಟ್ಟಿ ಒಂದೂವರೆ ಮೀಟರ್, ಒಂದು ತುದಿಯನ್ನ 5 ಸೆಂ.ಮೀ ಎತ್ತು. ನಡುವೆ ಬಾಗದ ಹಾಗೆ ಕೆಳಗೆ ಪುಸ್ತಕ ಕೊಟ್ಟು ಆಧಾರ ಮಾಡು. ಗೋಲಿ ಬಿಟ್ಟು ಸ್ಟಾಪ್‌ವಾಚ್ ಹಿಡಿ, ಸುಮಾರು 3.6 ಸೆಕೆಂಡ್ ಬರಬೇಕು. ಹತ್ತು ಸಲ ಮಾಡಿ ಸರಾಸರಿ ತಗೋ. ಎ = 2ಎಸ್/ಟಿ² = 3/12.96, ಹತ್ತಿರ ಹತ್ತಿರ 0.23.

ಸಿಇಟಿ_ಬ್ಯಾಚ್

ಜಿ ಸೈನ್ ಥೀಟಾ (ಥೀಟಾ ಇಳಿಜಾರಿನ ಕೋನ) ಹಾಕಿದ್ರೆ 9.8 × 5/150 = 0.327 ಬರಬೇಕಲ್ಲ? ಘರ್ಷಣೆಯಿಂದ ಇಷ್ಟು ಕಡಿಮೆ ಆಗುತ್ತಾ?

ಲ್ಯಾಬ್_ಕೋಟು

ಘರ್ಷಣೆಯ ನಷ್ಟ ಅಲ್ಲ ಅದು. ಗೋಲಿ ಜಾರ್ತಿಲ್ಲ, ಉರುಳ್ತಿದೆ. ಇಳಿದು ಬಂದ ಶಕ್ತಿಯಲ್ಲಿ ಒಂದು ಪಾಲು ಗರಗರ ತಿರುಗೋಕೆ ಹೋಗುತ್ತೆ. ಗಟ್ಟಿ ಗೋಳಕ್ಕೆ ಆ ಲೆಕ್ಕ ಮಾಡಿದ್ರೆ ಎ = 5/7 ಜಿ ಸೈನ್ ಥೀಟಾ. 0.327 × 5/7 = 0.233. ಪಟ್ಟಿಯ ಅಡಿ ಚಪ್ಪಟೆ ಇದ್ದು ಗೋಲಿ ಪಕ್ಕದ ಗೋಡೆಗೆ ಉಜ್ಜದೆ ಇದ್ರೆ ಈ ಅಂಕಿಗೆ ಬಹಳ ಹತ್ತಿರ ಬರುತ್ತೆ. ಉದ್ದ ಕೊಳವೆಯನ್ನ ಸೀಳಿ ಎರಡು ಅಂಚಿನ ಮೇಲೆ ಉರುಳಿಸಿದ್ರೆ ಇನ್ನೂ ಕಡಿಮೆ.

ತುಂಗಾ_ತೀರ

ಮೊಬೈಲಲ್ಲೇ ಆಕ್ಸಿಲರೋಮೀಟರ್ ಇರುತ್ತಲ್ಲ, ಇಷ್ಟೆಲ್ಲಾ ಯಾಕೆ? ಆದ್ರೆ ಟೇಬಲ್ ಮೇಲೆ ಸುಮ್ನೆ ಇಟ್ರೂ 9.8 ತೋರಿಸುತ್ತೆ. ಕೆಟ್ಟಿದೆಯಾ?

ಮಲೆನಾಡ್_ಮೇಷ್ಟ್ರು

ಕೆಟ್ಟಿಲ್ಲ. ಒಳಗೆ ಸ್ಪ್ರಿಂಗಿಗೆ ಕಟ್ಟಿದ ಅತಿ ಸಣ್ಣ ರಾಶಿ ಇದೆ ಅಂದುಕೊಳ್ಳಿ. ಸ್ಪ್ರಿಂಗ್ ಎಷ್ಟು ಬಾಗಿದೆ ಅನ್ನೋದನ್ನೇ ಅದು ಅಳೆಯೋದು. ಟೇಬಲ್ ಮೇಲಿದ್ದಾಗ ಟೇಬಲ್ಲು ಮೊಬೈಲನ್ನ ಮೇಲಕ್ಕೆ ಒತ್ತಿ ಹಿಡಿದಿದೆ, ಸ್ಪ್ರಿಂಗ್ ಬಾಗಿದೆ, 9.8. ಕೈಬಿಟ್ಟು ದಿಂಬಿನ ಮೇಲೆ ಬೀಳಿಸಿದ್ರೆ ಗಾಳಿಯಲ್ಲಿರೋ ಅಷ್ಟು ಹೊತ್ತು ಸೊನ್ನೆಗೆ ಹತ್ತಿರ ತೋರಿಸುತ್ತೆ.

ಲ್ಯಾಬ್_ಕೋಟು

ಅದರಿಂದ ದೂರ ಕಂಡುಹಿಡಿಯೋಕೆ ಹೋಗ್ಬೇಡಿ. ಎ ಇಂದ ವೇಗ, ವೇಗದಿಂದ ದೂರ ಅಂತ ಎರಡು ಸಲ ಕೂಡಿಸ್ತಾ ಹೋಗ್ಬೇಕು. ಸೆನ್ಸರಲ್ಲಿ 0.05 ಮೀ/ಸೆ² ಸ್ಥಿರ ತಪ್ಪಿದ್ರೆ ಸಾಕು, ಒಂದು ನಿಮಿಷಕ್ಕೆ ½ × 0.05 × 3600 = 90 ಮೀ. ಟೇಬಲ್ ಮೇಲೆ ಕೂತಿರೋ ಮೊಬೈಲು 90 ಮೀಟರ್ ಹೋಗಿ ಬಂದಿದೆ ಅನ್ನುತ್ತೆ.

ಕೋನಮಾಪಕ

"ಹೋಗಿ ಬಂದಿದೆ" ಅಲ್ಲ, ಹೋಗಿದೆ. ವಾಪಸ್ ಬಂದಿಲ್ಲ.

ಲ್ಯಾಬ್_ಕೋಟು

ಸರಿ, ಹೋಗಿದೆ.

ಧಾರವಾಡ_ಪೇಡೆ

ಇನ್ನೊಂದು ಕೇಳ್ತೇನ್ರಿ. ಎನ್‌ನೇ ಸೆಕೆಂಡಿನ ದೂರಕ್ಕ ಯು + ಎ/2 (2ಎನ್ − 1) ಅಂತ ಸೂತ್ರ ಐತಲ್ರಿ. ಎಡಕ್ಕ ಮೀಟರ್, ಬಲಕ್ಕ ಮೀ/ಸೆ. ಯೂನಿಟ್ಟs ಕೂಡೂದಿಲ್ಲ. ಸೂತ್ರನs ತಪ್ಪೇನ್ರಿ?

ಗಣಿತ_ಗಿರಣಿ

ಒಳ್ಳೆ ಪ್ರಶ್ನೆ. ಸೂತ್ರ ತಪ್ಪಲ್ಲ, 1 ಸೆಕೆಂಡ್ ಅನ್ನೋದು ಒಳಗೆ ಬಚ್ಚಿಟ್ಟುಕೊಂಡಿದೆ. ಎನ್ ಸೆಕೆಂಡಿನ ದೂರದಲ್ಲಿ ಎನ್ − 1 ಸೆಕೆಂಡಿನ ದೂರ ಕಳೆದಾಗ ಯು × (1 ಸೆಕೆಂಡ್) ಅಂತ ಬರುತ್ತೆ, 1 ಅಂತ ಬರೆಯದೆ ಬಿಟ್ಟಿದಾರೆ. ನಮ್ಮ ಬಸ್ಸಿಗೆ ಹಾಕಿ ನೋಡಿ, ನಾಲ್ಕನೇ ಸೆಕೆಂಡಲ್ಲಿ: 20 − 2.5 × 7 = 2.5 ಮೀ. ಮೊದಲ ಸೆಕೆಂಡಲ್ಲಿ: 20 − 2.5 = 17.5 ಮೀ. ನಾಲ್ಕೂ ಸೆಕೆಂಡು 17.5, 12.5, 7.5, 2.5. ಕೂಡಿಸಿದ್ರೆ 40. ಅನುಪಾತ 7, 5, 3, 1. ಗೆಲಿಲಿಯೋನ ಸಾಲೇ, ತಿರುಗಿ ನಿಂತಿದೆ.

ಧಾರವಾಡ_ಪೇಡೆ

ಅಬ್ಬಾ! ಭಾರಿ ಐತ್ರಿ ಇದು.

ತುಂಗಾ_ತೀರ

ಮೇಲೆ ಎಲ್ಲರೂ ವೇಗ, ಜವ ಅಂತ ಕಲಸಿ ಬರೀತಿದೀರಿ. ಸ್ಪೀಡಿಗೆ ಜವ, ವೆಲಾಸಿಟಿಗೆ ವೇಗ ಅಲ್ವಾ?

ಮಲೆನಾಡ್_ಮೇಷ್ಟ್ರು

ಹೌದಮ್ಮ. ನಮ್ಮ ಪಠ್ಯದಲ್ಲಿ ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ದಿಕ್ಕಿದೆ. ಮಾತಲ್ಲಿ ಎರಡಕ್ಕೂ ವೇಗ ಅಂದುಬಿಡ್ತೀವಿ. ಬಸ್ಸಿನ ಮೀಟರ್ ತೋರಿಸೋದು ಜವ. ಪರೀಕ್ಷೆಯಲ್ಲಿ ಮಾತ್ರ ಬಿಡಿಸಿ ಬರೀಬೇಕು.

ಸಿಇಟಿ_ಬ್ಯಾಚ್

@ಫಸ್ಟ್_ಪಿಯು_ಹುಡುಗ ನಿಂಗೊಂದು ಲೆಕ್ಕ. ಅದೇ ಬಸ್ಸು, ಅದೇ 72, ಅದೇ 5. ಆದ್ರೆ ಡ್ರೈವರ್ ದನ ನೋಡಿ ಬ್ರೇಕ್ ಒತ್ತೋಕೆ 1 ಸೆಕೆಂಡ್ ತಗೋತಾನೆ. ನೋಡಿದ ಕ್ಷಣದಿಂದ 4 ಸೆಕೆಂಡಲ್ಲಿ ಎಷ್ಟು ದೂರ? ಆಗ ವೇಗ ಎಷ್ಟು?

ಫಸ್ಟ್_ಪಿಯು_ಹುಡುಗ

ಮೊದಲ 1 ಸೆಕೆಂಡ್ ಎ = 0, ಹಾಗಾಗಿ 20 ಮೀ. ಉಳಿದಿದ್ದು 3 ಸೆಕೆಂಡ್ ಬ್ರೇಕ್. ನಿಲ್ಲೋಕೆ 4 ಬೇಕು, 3 ಅದಕ್ಕಿಂತ ಕಡಿಮೆ, ಸೂತ್ರ ಹಾಕಬಹುದು. 20×3 − ½×5×9 = 60 − 22.5 = 37.5. ಒಟ್ಟು 57.5 ಮೀ. ವಿ = 20 − 15 = 5.

ಸಿಇಟಿ_ಬ್ಯಾಚ್

5 ಏನು? ಕಿಲೋಮೀಟರಾ?

ಫಸ್ಟ್_ಪಿಯು_ಹುಡುಗ

5 ಮೀ/ಸೆ! ಗಂಟೆಗೆ 18 ಕಿ.ಮೀ. ಮುಂದಕ್ಕೇ, ಧನ ಇದೆ, ನೋಡಿದೆ.

ಗ್ರಾಫ್_ಶೀಟ್

ತಾಳೆ ನೋಡ್ಕೋ. 5 ಮೀ/ಸೆ ಇಂದ ನಿಲ್ಲೋಕೆ ಇನ್ನೂ 25/10 = 2.5 ಮೀ. 57.5 + 2.5 = 60. ನೋಡಿದ ಮೇಲೆ 20, ಬ್ರೇಕಿನ 40, ಅದೂ 60. ಕೂಡ್ತು.

ಡಿಪೋ_ಪಾನಾ

ದನ 65 ಮೀಟರಲ್ಲಿದ್ರೆ ಪುಸ್ತಕದ ಲೆಕ್ಕಕ್ಕೆ ಬಚಾವ್. ಗಾಳಿ ತುಂಬೋ ಅರ್ಧ ಸೆಕೆಂಡಿನ 10 ಮೀಟರ್ ಸೇರಿಸಿದ್ರೆ 70, ಬಚಾವಿಲ್ಲ. ಅದನ್ನೂ ಬರ್ಕೋ ಮರಿ.